ಹಾಲುಹಲ್ಲು, ಪಾದರಸ ಮತ್ತು ಗುಲಾಬಿ ಕೈಗಳು

1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ದಾಖಲೆಗಳಲ್ಲಿ 5,016 ಸಾವುಗಳ ಮುಂದೆ ಬರೆದಿದ್ದ ಕಾರಣ ಒಂದೇ: ಹಲ್ಲು ಬರುವುದು. ಈಗ ಓದಿದರೆ ನಗು ಬರಬಹುದು. ಆದರೆ ಆ ವೈದ್ಯರು ಹಾಗೆ ನಂಬಿದ್ದಕ್ಕೆ ಒಂದು ಲೆಕ್ಕವಿತ್ತು. ಮಗುವಿಗೆ ಆರನೆಯ ತಿಂಗಳ ಸುಮಾರಿಗೆ ಮೊದಲ ಹಲ್ಲು ಕಾಣಿಸಿಕೊಂಡರೆ, ಎರಡೂವರೆ ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವುದು, ಹೊರಗಿನ ಅನ್ನ-ನೀರು ಶುರುವಾಗುವುದು, ಅಂಬೆಗಾಲಿಟ್ಟು ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು, ಎಲ್ಲವೂ ಇದೇ ಅವಧಿಯಲ್ಲಿ. ಸತ್ತ ಮಗುವಿನ ಬಾಯಿ ತೆರೆದು ನೋಡಿದರೆ ಅರ್ಧ ಮೂಡಿದ ಹಲ್ಲೊಂದು ಸಿಗುವುದು ಸಹಜವೇ. ಅಪರಾಧಿ ಸಿಕ್ಕಿಬಿದ್ದಂತಾಯಿತು.

ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ 16ನೇ ಶತಮಾನದಲ್ಲಿ ಎಡವಿದ್ದೂ ಇಲ್ಲೇ. ನೆವೆರ್‌ನ ಡ್ಯೂಕ್‌ನ ಎಂಟು ತಿಂಗಳ ಮಗ ತೀರಿಕೊಂಡಾಗ ಒಸಡು ಕೊಯ್ದು ನೋಡಿದ. ಒಳಗೆ ಹಲ್ಲುಗಳು ಹೊರಬರಲು ಸಿದ್ಧವಾಗಿದ್ದವು. ಬದುಕಿದ್ದಾಗಲೇ ಕೊಯ್ದಿದ್ದರೆ ಮಗು ಉಳಿಯುತ್ತಿತ್ತು ಎಂದುಕೊಂಡ. ಎಳೆಯ ಒಸಡಿಗೆ ಚಾಕು ಹಾಕುವ ಪದ್ಧತಿ ಆಮೇಲೆ ಮುನ್ನೂರು ವರ್ಷ ನಡೆಯಿತು.

ನಮ್ಮ ವಾಗ್ಭಟನೂ ಹಲ್ಲು ಹುಟ್ಟುವುದನ್ನು ಎಲ್ಲ ರೋಗಗಳ ಕಾರಣ ಎಂದೇ ಬಗೆದವನು. ಆದರೆ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಅವನು ಅಲ್ಲಿಗೇ ನಿಲ್ಲುವುದಿಲ್ಲ. ಹಲ್ಲಿನಿಂದ ಬಂದ ತೊಂದರೆಗಳಿಗಾಗಿ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬೇಡಿ, ಹಲ್ಲು ಬಂದ ಮೇಲೆ ಅವು ತಾವಾಗಿಯೇ ಇಳಿಯುತ್ತವೆ ಎನ್ನುತ್ತಾನೆ. ರೋಗದ ಕಾರಣದ ಬಗ್ಗೆ ಪಾರೆಯಷ್ಟೇ ತಪ್ಪು, ಚಿಕಿತ್ಸೆಯಲ್ಲಿ ಮಾತ್ರ ಸಾವಿರ ಪಾಲು ವಿವೇಕಿ.

ಈ ವಿವೇಕ 19ನೇ ಶತಮಾನದ ಔಷಧಿ ವ್ಯಾಪಾರಿಗಳಿಗೆ ಬೇಕಿರಲಿಲ್ಲ. 1849ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಇದ್ದದ್ದು ಮಾರ್ಫೀನ್. ಹಲ್ಲು ಬರುವ ಮಗು ಅಳು ನಿಲ್ಲಿಸುತ್ತಿತ್ತು. ಕೆಲವು ಮಕ್ಕಳು ಮತ್ತೆ ಏಳಲಿಲ್ಲ. ಎಷ್ಟು ಮನೆಮಾತಾಗಿತ್ತೆಂದರೆ, ಸಂಗೀತಗಾರ ಎಡ್ವರ್ಡ್ ಎಲ್ಗರ್ ಯುವಕನಾಗಿದ್ದಾಗ ತನ್ನದೊಂದು ನಿಧಾನಗತಿಯ ರಚನೆಗೆ ತಮಾಷೆಯಾಗಿ ಇದೇ ಹೆಸರಿಟ್ಟಿದ್ದ. 1911ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಶಿಶುಹಂತಕಗಳ ಪಟ್ಟಿಗೆ ಸೇರಿಸಿತು.

ಮುಂಬೈಗೂ ಈ ಕಥೆಯಲ್ಲಿ ಪಾಲಿದೆ. ಪರೇಲ್, ಲಾಲ್‌ಬಾಗ್‌ನ ಚಾಳುಗಳಲ್ಲಿ ಗಿರಣಿಗೆ ಹೋಗುವ ತಾಯಂದಿರು ಮಗುವಿಗೆ ಅಫೀಮಿನ ‘ಬಾಳಗೋಳಿ’ ಕೊಟ್ಟು ಪಾಳಿಗೆ ಓಡುತ್ತಿದ್ದರು. ಗಿರಣಿ ಹೆಂಗಸರ ಸ್ಥಿತಿಗತಿ ಪರಿಶೀಲಿಸಿದ ಡಾ. ಬಾರ್ನ್ಸ್, ಅವರ ಮಕ್ಕಳಲ್ಲಿ ನೂರಕ್ಕೆ 98 ಮಂದಿಗೆ ಅಫೀಮು ಸಿಗುತ್ತಿದೆ ಎಂದು 1922ರಲ್ಲಿ ವರದಿ ಮಾಡಿದರು. ಇದನ್ನು ಅಜ್ಞಾನ ಎಂದು ಕರೆಯಲು ನನಗೆ ಮನಸ್ಸಾಗದು. ಇಡೀ ದಿನ ಮಗುವನ್ನು ನೋಡಿಕೊಳ್ಳುವವರು ಇಲ್ಲದಿದ್ದಾಗ ಗೋಳಿಯೇ ಅಜ್ಜಿಯಾಗಿತ್ತು.

ಅಫೀಮಿನ ಅಪಾಯವಾದರೂ ಕಣ್ಣಿಗೆ ಬೀಳುವಂಥದ್ದು. ಪಾದರಸದ್ದು ಹಾಗಲ್ಲ. ಸ್ಟೀಡ್‌ಮನ್ಸ್‌ನಂಥ ಕಂಪನಿಗಳ ಹಲ್ಲಿನ ಪುಡಿಯಲ್ಲಿ ಇದ್ದದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಒಂದು ಲವಣ. ಅದು ಭೇದಿ ಮಾಡಿಸುತ್ತಿತ್ತು, ಹೊಟ್ಟೆ ತೊಳೆದರೆ ಹಲ್ಲಿನ ಕಾವು ಇಳಿಯುತ್ತದೆಂಬ ನಂಬಿಕೆಯಿತ್ತು. ಬ್ರಿಟನ್, ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು.

20ನೇ ಶತಮಾನದ ಆರಂಭದಲ್ಲಿ ವೈದ್ಯರು ಒಂದು ವಿಚಿತ್ರ ಕಾಯಿಲೆಯನ್ನು ಗುರುತಿಸತೊಡಗಿದರು. 1914ರಲ್ಲಿ ಆಸ್ಟ್ರೇಲಿಯಾದ ಹ್ಯಾರಿ ಸ್ವಿಫ್ಟ್ ಅದನ್ನು ವಿವರಿಸಿದರು. ಮಗುವಿನ ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತಿತ್ತು. ಬೆವರು, ತುರಿಕೆ, ನಿದ್ದೆಯಿಲ್ಲ. ಬೆಳಕು ಕಂಡರೆ ಮುಖವನ್ನು ದಿಂಬಿಗೆ ಒತ್ತಿಕೊಳ್ಳುತ್ತಿತ್ತು. ಸ್ನಾಯುಗಳು ಸೋತು ಹೋಗುತ್ತಿದ್ದವು, ಕೆಲವರಿಗೆ ಬಂದ ಹಲ್ಲುಗಳೇ ಉದುರುತ್ತಿದ್ದವು. ಜನ ಅದನ್ನು ‘ಪಿಂಕ್ ಡಿಸೀಸ್’ ಎಂದರು. ಸತ್ತ ಮಕ್ಕಳ ಸಂಖ್ಯೆ ನೂರಾರು. ವಿಟಮಿನ್ ಕೊರತೆಯೋ, ಯಾವುದೋ ವೈರಾಣುವೋ ಎಂದು ದಶಕಗಟ್ಟಲೆ ಹುಡುಕಿದರು. ಕಿರಿಕಿರಿ ಮಾಡುವ ಮಗುವಿಗೆ ತಾಯಿ ಇನ್ನೊಂದು ಪೊಟ್ಟಣ ಪುಡಿ ತಿನ್ನಿಸುತ್ತಿದ್ದಳು.

ಗುಟ್ಟು ಬಿಚ್ಚಿದ್ದು ವಿಯೆನ್ನಾದಿಂದ ಅಮೆರಿಕದ ಸಿನ್ಸಿನಾಟಿಗೆ ವಲಸೆ ಬಂದಿದ್ದ ಮಕ್ಕಳ ವೈದ್ಯ ಜೋಸೆಫ್ ವಾರ್ಕನಿ. ರೋಗಿಗಳ ಮೂತ್ರವನ್ನು ಲೋಹಗಳಿಗಾಗಿ ಪರೀಕ್ಷೆ ಮಾಡಿಸಿದಾಗ ಪಾದರಸ ಸಿಕ್ಕಿತು. 1948ರಲ್ಲಿ ಹಬಾರ್ಡ್ ಜೊತೆ ಅವರು ಲ್ಯಾನ್ಸೆಟ್‌ನಲ್ಲಿ ಅದನ್ನು ಪ್ರಕಟಿಸಿದರು. ತಕ್ಷಣ ಎಲ್ಲರೂ ಒಪ್ಪಲಿಲ್ಲ. ಪುಡಿ ತಿಂದ ಬಹುಪಾಲು ಮಕ್ಕಳು ಆರಾಮಾಗಿದ್ದರಲ್ಲ, ಹಾಗಾದರೆ ಪುಡಿಯ ತಪ್ಪೇನು? ‘ನಾವೆಲ್ಲ ಇದನ್ನೇ ತಿಂದು ಬೆಳೆದವರು’ ಎಂಬ ಮಾತಿನ ವೈದ್ಯಕೀಯ ರೂಪ ಇದು. 1954ರಲ್ಲಿ ಬ್ರಿಟನ್ನಿನ ಮುಖ್ಯ ತಯಾರಕರು ಪುಡಿಯಿಂದ ಪಾದರಸವನ್ನು ತೆಗೆದರು. ಕೆಲವೇ ವರ್ಷಗಳಲ್ಲಿ ಗುಲಾಬಿ ಕೈಗಳು ಆಸ್ಪತ್ರೆಗಳಿಂದ ಮಾಯವಾದವು. ಅದಕ್ಕಿಂತ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

ಆಮೇಲಿನ ಅಧ್ಯಾಯಗಳು ನಮ್ಮ ಕಾಲದವು. ಸಕ್ಕರೆಯ ಸಣ್ಣ ಹೋಮಿಯೋಪತಿ ಮಾತ್ರೆಯಲ್ಲಿ ಏನೂ ಇರುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ವಾದವನ್ನು ನಾವೆಲ್ಲ ಕೇಳಿದ್ದೇವೆ. 2017ರಲ್ಲಿ ಅಮೆರಿಕದ ಎಫ್‌ಡಿಎ ಅಂಥ ಕೆಲವು ಮಾತ್ರೆಗಳನ್ನು ಪರೀಕ್ಷಿಸಿದಾಗ ವಿಷಸಸ್ಯ ಬೆಲ್ಲಡೋನಾದ ಅಂಶ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿತ್ತು, ಕೆಲವದರಲ್ಲಿ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಮರುವರ್ಷ ಒಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್ ಬಗ್ಗೆಯೂ ಎಚ್ಚರಿಕೆ ಬಂತು: ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಅದು ಕುಗ್ಗಿಸಬಲ್ಲದು. ಅದೇ ವರ್ಷ ಅಂಬರ್ ಮಣಿಸರದ ಬಗ್ಗೆಯೂ. ನಿದ್ದೆಯಲ್ಲಿದ್ದ ಒಂದೂವರೆ ವರ್ಷದ ಮಗುವಿನ ಕುತ್ತಿಗೆಗೆ ಸರ ಬಿಗಿದಿತ್ತು. ಮಕ್ಕಳಿಗೆ ಅಂಬರ್ ರಕ್ಷೆಯನ್ನು ರೋಮಿನ ಪ್ಲಿನಿಯೇ ಹೊಗಳಿದ್ದ. ಎರಡು ಸಾವಿರ ವರ್ಷದ ಹಿಂದಿನ ಆ ತಾಯತವನ್ನು ಈಗ ಪುಣೆಯ ಫ್ಲ್ಯಾಟಿನಲ್ಲಿ ಕೂತು ಆನ್‌ಲೈನಿನಲ್ಲಿ ತರಿಸಬಹುದು.

ಇವೆಲ್ಲಕ್ಕೂ ಒಳ್ಳೆಯ ಹೆಸರು ಬರುವುದು ಒಂದೇ ಕಾರಣಕ್ಕೆ. ಏನು ಕೊಟ್ಟರೂ, ಕೊಡದಿದ್ದರೂ ನಾಲ್ಕು ದಿನಕ್ಕೆ ಹಲ್ಲು ಹೊರಬರುತ್ತದೆ, ಮಗು ನಗುತ್ತದೆ. ತೊಳೆದ ಬೆರಳಿನಿಂದ ಒಸಡು ಒತ್ತುವುದು, ತಣ್ಣಗೆ ಮಾಡಿದ ಒದ್ದೆ ಬಟ್ಟೆಯನ್ನು ಎದುರಿಗೆ ಕೂತು ಜಗಿಯಲು ಕೊಡುವುದು, ಇಷ್ಟಕ್ಕೆ ಪೇಟೆಂಟು ಸಿಗುವುದಿಲ್ಲ, ಜಾಹೀರಾತೂ ಇಲ್ಲ.

1839ರ ಆ ಕಾರಣ ಮಾತ್ರ ಇನ್ನೂ ಪೂರ್ತಿ ಅಳಿದಿಲ್ಲ. ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗಬಹುದು, ನಿಜವಾದ ಜ್ವರ ಬರುವುದಿಲ್ಲ ಎಂಬುದು 2016ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ತೀರ್ಮಾನ. 100.4 ಡಿಗ್ರಿ ದಾಟಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಫೋನು ಮಾಡಿದರೆ ‘ಹಲ್ಲು ಬರ್ತಿರಬೇಕು ಬಿಡು’ ಎಂಬ ಉತ್ತರ ಈಗಲೂ ಬರುತ್ತದೆ. ಆ ಜ್ವರಕ್ಕೆ ಬೇರೆ ಕಾರಣವಿರುತ್ತದೆ, ಅದನ್ನು ಡಾಕ್ಟರು ಅದೇ ದಿನ ನೋಡಬೇಕು.