ಮೆಟ್ಟಿಲುಗಳನ್ನು ಎಣಿಸಿದವರು ಯಾರು?



ರಾಜರ ದಂಡಯಾತ್ರೆಗಳಿಗೆ ಇತಿಹಾಸವಿರುವಂತೆ ಸಾಮಾನ್ಯರ ಪ್ರವಾಸಕ್ಕೂ ಒಂದು ಇತಿಹಾಸವಿದೆ. ನಾನು ತರಗತಿಯಲ್ಲಿ ಬೋಧಿಸುತ್ತಿದ್ದ ಪಠ್ಯಪುಸ್ತಕಗಳು ಮೊದಲನೆಯದಕ್ಕೆ ಕೊಟ್ಟಷ್ಟು ಪುಟಗಳನ್ನು ಎರಡನೆಯದಕ್ಕೆ ಕೊಡಲಿಲ್ಲ. ಕೃತಕ ಬುದ್ಧಿಮತ್ತೆಯನ್ನು ಕೇಳಿ ಪ್ರವಾಸ ಯೋಜಿಸುವ ಪದ್ಧತಿ ನಮ್ಮ ಮನೆಗಳಿಗೂ ಬಂದಿರುವ ಈ ಹೊತ್ತಿನಲ್ಲಿ ಆ ಇತಿಹಾಸವನ್ನು ಸ್ವಲ್ಪ ನೆನೆಯುವುದು ಉಚಿತವೆಂದು ತೋರಿತು.

ರೈಲು ಬರುವ ಮುನ್ನ ನಮ್ಮಲ್ಲಿ ದಾರಿ ಹೇಳುತ್ತಿದ್ದವರು ಹೋಗಿಬಂದವರು. ಕಾಶಿಗೆ ಹೊರಟವನು ಕಾಶಿಯನ್ನು ಕಂಡ ಹಿರಿಯರನ್ನು ವಿಚಾರಿಸಿಯೇ ಗಂಟು ಕಟ್ಟುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ತಿಳಿವಳಿಕೆ ಅಚ್ಚಿನ ರೂಪ ತಾಳಿತು. 1836ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರವಾಸಿಗರ ಕೈಪಿಡಿಯನ್ನು ಪ್ರಕಟಿಸಿದನು. 1839ರಲ್ಲಿ ಜಾರ್ಜ್ ಬ್ರಾಡ್‌ಷಾ ರೈಲುಗಳ ವೇಳಾಪಟ್ಟಿಯನ್ನು ಪುಸ್ತಕವಾಗಿಸಿದನು. 1841ರ ಜುಲೈ 5ರಂದು ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋದ ಪಾನನಿರೋಧ ಸಭೆಗೆ ಸುಮಾರು 500 ಜನರನ್ನು ತಲಾ ಒಂದು ಷಿಲಿಂಗ್ ದರದಲ್ಲಿ ವಿಶೇಷ ರೈಲಿನಲ್ಲಿ ಕರೆದೊಯ್ದನು. ಮುಂದೆ ಅವನ ವ್ಯವಸ್ಥೆಯಿಂದ ಹಿಂದೆಂದೂ ಹೊರನಾಡು ಕಾಣದ ಮಧ್ಯಮವರ್ಗದವರು ಆಲ್ಪ್ಸ್ ಪರ್ವತವನ್ನು ನೋಡಿದರು. ಪಂಡಿತರು ಇವರನ್ನು ಮಂದೆಯೆಂದು ಹಾಸ್ಯ ಮಾಡಿದರು. ಹೊಸ ಸಾಧನ ಜನಸಾಮಾನ್ಯರ ಕೈಗೆ ಬಂದಾಗಲೆಲ್ಲ ಕೇಳಿಬರುವ ಹಾಸ್ಯವಿದು. ಅದನ್ನು ನಾನು ಇಂದು ಪುನರಾವರ್ತಿಸಲಾರೆ.

ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಿಯನಾದವನು ಜರ್ಮನಿಯ ಕೊಬ್ಲೆಂಜ್ ನಗರದ ಪ್ರಕಾಶಕ ಕಾರ್ಲ್ ಬೇಡೆಕರ್. 1847ರಲ್ಲಿ ಅವನು ಮಿಲಾನ್ ಮಹಾದೇವಾಲಯವನ್ನು ಹತ್ತುತ್ತಿದ್ದಾಗ ಇಪ್ಪತ್ತು ಮೆಟ್ಟಿಲುಗಳಿಗೊಮ್ಮೆ ಮೇಲಂಗಿಯ ಜೇಬಿನಿಂದ ಒಂದು ಬಟಾಣಿ ಕಾಳು ತೆಗೆದು ಇನ್ನೊಂದು ಜೇಬಿಗೆ ಹಾಕುತ್ತಿದ್ದನಂತೆ. ಇಳಿಯುವಾಗ ಲೆಕ್ಕವನ್ನು ಮತ್ತೊಮ್ಮೆ ತಾಳೆ ನೋಡಿದನಂತೆ. ಅವನ ಕೈಪಿಡಿ ಹಿಡಿದು ಬಂದ ವೃದ್ಧನೊಬ್ಬ ಹತ್ತಬೇಕೋ ಬೇಡವೋ ಎಂಬುದನ್ನು ಆ ಸಂಖ್ಯೆ ತೀರ್ಮಾನಿಸುತ್ತಿತ್ತು.

ಮುಂದೆ ಗಣಕಯಂತ್ರ ಬಂದಿತು. 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ರೂಪಿಸಿದ ಸೇಬರ್ ವ್ಯವಸ್ಥೆ ವಿಮಾನದ ಆಸನಗಳ ಲೆಕ್ಕವನ್ನು ವಹಿಸಿಕೊಂಡಿತು. ನಮ್ಮ ರೈಲ್ವೆಯ ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ 1980ರ ದಶಕದಲ್ಲಿ ಆರಂಭವಾಯಿತು. 2002ರಿಂದ ಅಂತರ್ಜಾಲದಲ್ಲಿಯೇ ಟಿಕೆಟ್ ದೊರೆಯತೊಡಗಿತು. ಆದರೂ ಆ ಯಂತ್ರಗಳು ನೋಡಿಕೊಂಡದ್ದು ಆಸನವನ್ನು, ವೇಳೆಯನ್ನು, ದರವನ್ನು. ಎಲ್ಲಿಗೆ ಹೋಗಬೇಕು, ಏನು ನೋಡಬೇಕೆಂಬ ವಿವೇಚನೆ ನಮ್ಮದಾಗಿಯೇ ಉಳಿದಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ವಿವೇಚನೆಯೂ ಯಂತ್ರದ ಪಾಲಿಗೆ ಹೋಗತೊಡಗಿದೆ.

ಕಳೆದ ಚಳಿಗಾಲದಲ್ಲಿ ನನ್ನ ತಂಗಿಯ ಮಗಳು ಮಂಡಿನೋವಿನ ತನ್ನ ಅತ್ತೆಯವರೊಂದಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಪ್ರವಾಸಕ್ಕಾಗಿ ಇಂಥದೊಂದು ಯಂತ್ರದಿಂದ ಯೋಜನೆ ಬರೆಸಿ ನನಗೆ ಕಳುಹಿಸಿದ್ದಳು. ಕ್ಷಣಾರ್ಧದಲ್ಲಿ ಸಿದ್ಧವಾದ ಆ ಬರಹ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಆದರೆ ಪುರಾತತ್ತ್ವ ಇಲಾಖೆಯ ಬಾದಾಮಿ ವಸ್ತುಸಂಗ್ರಹಾಲಯದ ಭೇಟಿಯನ್ನು ಶುಕ್ರವಾರಕ್ಕೆ ಇಟ್ಟಿತ್ತು. ಶುಕ್ರವಾರ ಅಲ್ಲಿ ರಜೆ. ನಾಲ್ಕೂ ಗುಹಾಲಯಗಳನ್ನು ಹತ್ತುವುದು "ಸುಲಭ" ಎಂದೂ ಬರೆದಿತ್ತು. ಯಾರ ಮಂಡಿಗೆ ಸುಲಭ?

ಇಂಥ ಯಂತ್ರಗಳು ಅಪಾರ ಬರಹರಾಶಿಯನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವುದು ಸಂಭವನೀಯ ಎಂದು ಲೆಕ್ಕಹಾಕಿ ವಾಕ್ಯ ಕಟ್ಟುತ್ತವೆ. ಕೆಲವು ಅಂತರ್ಜಾಲವನ್ನು ಹುಡುಕಿ ಆಧಾರವನ್ನೂ ತೋರಿಸುತ್ತವೆ. ಆದರೆ ನಿಜವನ್ನೂ ನಿಜದಂತೆ ಕೇಳಿಸುವುದನ್ನೂ ಅವು ಒಂದೇ ಧಾಟಿಯಲ್ಲಿ ಹೇಳಬಲ್ಲವು.

ಹಾಗಾದರೆ ತಪ್ಪಿಗೆ ಹೊಣೆ ಯಾರು? ಕೆನಡಾದಲ್ಲಿ ಈ ಪ್ರಶ್ನೆ ನ್ಯಾಯಮಂಡಳಿಯ ಮುಂದೆಯೇ ಬಂದಿತು. ಅಜ್ಜಿ ತೀರಿಕೊಂಡಿದ್ದ ಪ್ರಯಾಣಿಕನೊಬ್ಬನಿಗೆ ಏರ್ ಕೆನಡಾ ಜಾಲತಾಣದ ಚಾಟ್‌ಬಾಟ್, ಪ್ರಯಾಣದ ನಂತರವೂ ರಿಯಾಯಿತಿಗೆ ಅರ್ಜಿ ಸಲ್ಲಿಸಬಹುದೆಂದು ತಿಳಿಸಿತ್ತು. ಸಂಸ್ಥೆ ಅದನ್ನು ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯು ಯಂತ್ರದ ಮಾತಿಗೂ ಸಂಸ್ಥೆಯೇ ಹೊಣೆಯೆಂದು ತೀರ್ಪಿತ್ತು ಪರಿಹಾರ ಕೊಡಿಸಿತು. ಬೇಡೆಕರನ ಪುಸ್ತಕದ ಮೇಲೆ ಬೇಡೆಕರನ ಹೆಸರಿತ್ತು. ತಪ್ಪಾದರೆ ಕೇಳಲು ಒಬ್ಬನಿದ್ದ. ಆ ತೀರ್ಪು ಉಳಿಸಿದ್ದು ಈ ಹಳೆಯ ನ್ಯಾಯವನ್ನೇ ಎಂದು ನನ್ನ ಭಾವನೆ.

ಆದ್ದರಿಂದ ಯಂತ್ರವನ್ನು ಧಾರಾಳವಾಗಿ ಬಳಸಿರಿ. ಭಾಷೆ ತಿಳಿಯದ ಊರಿನಲ್ಲಿ, ಸಹಾಯಕರಿಲ್ಲದ ಹಿರಿಯರಿಗೆ ಅದು ದೊಡ್ಡ ಉಪಕಾರಿ. ಆದರೆ ರಜಾದಿನ, ಬಾಗಿಲು ತೆರೆಯುವ ವೇಳೆ, ಕೊನೆಯ ಬಸ್ಸು, ಹತ್ತಬೇಕಾದ ಮೆಟ್ಟಿಲು, ಇಷ್ಟನ್ನಾದರೂ ಅಲ್ಲಿಯವರನ್ನು ವಿಚಾರಿಸಿ ಹೊರಡಿರಿ. ನನ್ನ ಸೋದರ ಸೊಸೆ ಹಾಗೆಯೇ ವಿಚಾರಿಸಿದಳು. ಅತ್ತೆಯವರು ಮೊದಲ ಗುಹೆಯ ನಟರಾಜನನ್ನು ಕಣ್ತುಂಬ ನೋಡಿ, ಉಳಿದವರು ಮೇಲೆ ಹತ್ತಿಬರುವವರೆಗೆ ನೆಮ್ಮದಿಯಿಂದ ಕುಳಿತಿದ್ದರು.

ಇನ್ನೊಂದು ವಿನಂತಿ. ಯಂತ್ರಕ್ಕೆ ತಿಳಿದಿರುವುದು ಯಾರೋ ಬರೆದಿಟ್ಟದ್ದು ಮಾತ್ರ. ಹೋಗಿಬಂದಮೇಲೆ ನೀವು ಕಂಡದ್ದನ್ನು ಕನ್ನಡದಲ್ಲಿ ಎರಡು ಪುಟವಾದರೂ ಬರೆದಿಡಿ: ನೀರು ಎಲ್ಲಿ ಸಿಗುತ್ತದೆ, ನೆರಳು ಎಲ್ಲಿದೆ, ಮೆಟ್ಟಿಲುಗಳೆಷ್ಟು ಎಂದು. ನಿಮ್ಮ ಹಿಂದೆ ಬರುವ ಯಾರದೋ ತಾಯಿಗೆ ಅದು ನೆರವಾದೀತು.