ಗೋಡೆಯೊಳಗಣ ಗಾಳಿ: ಶಾಖನಿರೋಧದ ವಿಚಾರ ಬೆಳೆದು ಬಂದ ಬಗೆ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಬೇಸಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಅಪೂರ್ವವಲ್ಲ. ಗುಂಜಹಳ್ಳಿಯನ್ನೊಳಗೊಂಡ ಈ ನಾಡಿನ ಹಳೆಯ ಮನೆಗಳು ದಪ್ಪನೆಯ ಗೋಡೆಗಳಿಂದಲೂ ತೊಲೆಜಂತಿಗಳ ಮೇಲಣ ಮಣ್ಣಿನ ಮಾಳಿಗೆಯಿಂದಲೂ ಆ ತಾಪವನ್ನೆದುರಿಸಿದುವು. ಇಂದು ಅವುಗಳ ಸ್ಥಾನದಲ್ಲಿ ತೆಳುವಾದ ಕಾಂಕ್ರೀಟು ಚಾವಣಿಯೂ ತಗಡೂ ಬಂದಿವೆ. ಚಾವಣಿಯ ಕೆಳಗೆ ಇನ್ನೊಂದು ಹೊದಿಕೆಯನ್ನು ಕಟ್ಟಿ ನಡುವೆ ಗಾಳಿಯನ್ನು ಸೆರೆಹಿಡಿದರೆ ಮನೆ ತಂಪಾಗುವುದೆಂಬ ನಂಬಿಕೆಯೂ ಹರಡಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ನಮ್ಮ ಉದ್ದೇಶ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಹಳೆಯ ಗೋಡೆಯ ಗುಣವಿರುವುದು ಅದರ ತೂಕದಲ್ಲಿ. ಅದು ಹಗಲಿನ ಶಾಖವನ್ನು ತನ್ನಲ್ಲಿ ತುಂಬಿಕೊಂಡು, ತಡಮಾಡಿ ಒಳಗೆ ಬಿಡುತ್ತದೆ. ಗಾಳಿಗೆ ಅಂತಹ ಸಂಗ್ರಹಶಕ್ತಿಯಿಲ್ಲ. ಅದು ಶಾಖದ ಹರಿವಿಗೆ ಅಡ್ಡವಾಗಬಲ್ಲದು, ಅಷ್ಟೆ.

ಈ ಅಡ್ಡಿಯ ಸ್ವರೂಪವನ್ನು ಮೊದಲು ಪ್ರಯೋಗದಿಂದ ವಿವೇಚಿಸಿದವರಲ್ಲಿ ಕೌಂಟ್ ರಮ್‌ಫರ್ಡ್ ಪ್ರಮುಖನು. ಉಣ್ಣೆ, ತುಪ್ಪಳಗಳು ಬೆಚ್ಚಗಿಡುವುದು ಅವುಗಳ ಎಳೆಗಳಲ್ಲಿ ಸಿಕ್ಕಿದ ಗಾಳಿಯ ಬಲದಿಂದಲೇ ಎಂದು ಅವನು 1792ರಲ್ಲಿ ಪ್ರತಿಪಾದಿಸಿದನು. 1872ರಲ್ಲಿ ಯೋಸೆಫ್ ಸ್ಟೆಫಾನನು ಗಾಳಿಯ ಉಷ್ಣವಾಹಕತೆಯನ್ನು ಅಳೆದನು. ನಿಶ್ಚಲವಾದ ಗಾಳಿಯ ವಾಹಕತೆ ಬೆಣಚುಕಲ್ಲಿನದರ ಸುಮಾರು ನೂರರಲ್ಲೊಂದು ಪಾಲು ಮಾತ್ರ.

ಆದರೆ ಪೊಳ್ಳಿನೊಳಗಣ ಗಾಳಿ ನಿಶ್ಚಲವಾಗಿಯೇ ಇರುವುದಿಲ್ಲ. ಕೆಳಗಿನಿಂದ ಕಾಸಿದ ತೆಳುವಾದ ದ್ರವದಲ್ಲಿ ಸಾಲುಸಾಲಾಗಿ ಏಳುವ ಸುಳಿಗಳನ್ನು 1900ರಲ್ಲಿ ಆನ್ರಿ ಬೆನಾರನು ತೋರಿಸಿದನು. 1916ರಲ್ಲಿ ಲಾರ್ಡ್ ರ್‍ಯಾಲೆ ಅದಕ್ಕೆ ಗಣಿತದ ವಿವರಣೆಯಿತ್ತನು. ಮೂರನೆಯ ದಾರಿ ವಿಕಿರಣ. ನಯವಾದ ಲೋಹದ ಮೈ ಕಪ್ಪು ಮೈಗಿಂತ ಬಹಳ ಕಡಮೆ ಶಾಖವನ್ನು ಸೂಸುವುದೆಂದು ಜಾನ್ ಲೆಸ್ಲಿ 1804ರಲ್ಲಿಯೇ ಬರೆದಿದ್ದನು.

ಈ ಮೂರು ಎಳೆಗಳನ್ನೂ ಕಟ್ಟಡದ ಪೊಳ್ಳಿನಲ್ಲಿ ಒಟ್ಟಾಗಿ ಅಳೆದ ಶ್ರೇಯಸ್ಸಿನಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಗೆ ದೊಡ್ಡ ಪಾಲಿದೆ. ರಾಬಿನ್ಸನ್, ಪಾವ್ಲಿಚ್, ಡಿಲ್ ಎಂಬವರ ವರದಿ 1954ರಲ್ಲಿ ಹೊರಬಂದಿತು. ಪೊಳ್ಳಿನ ನಿರೋಧಶಕ್ತಿಯು ಅಗಲವೊಂದನ್ನೇ ಅವಲಂಬಿಸದೆ, ಶಾಖ ಹರಿಯುವ ದಿಕ್ಕು, ತಾಪಾಂತರ, ಎದುರುಬದುರಾದ ಮೈಗಳ ಗುಣ ಇವೆಲ್ಲವನ್ನೂ ಅವಲಂಬಿಸುತ್ತದೆ. ನಿಂತ ಗೋಡೆಯ ಪೊಳ್ಳನ್ನು ಸುಮಾರು 20 ಮಿಲಿಮೀಟರಿನಾಚೆಗೆ ಹಿಗ್ಗಿಸಿದರೆ ಹೆಚ್ಚಿನ ಲಾಭವಿಲ್ಲ.

ಈಗ ರಾಯಚೂರಿನ ಚಾವಣಿಗೆ ಬರೋಣ. ಹಗಲಿನಲ್ಲಿ ಶಾಖ ಮೇಲಿನಿಂದ ಕೆಳಗಿಳಿಯುತ್ತದೆ. ಬಿಸಿಗಾಳಿ ಮೇಲೆಯೇ ನಿಲ್ಲುವುದರಿಂದ ಸುಳಿಗಳೇಳುವುದಿಲ್ಲ. ಉಳಿದ ಶತ್ರುವೆಂದರೆ ಮುಖ್ಯವಾಗಿ ವಿಕಿರಣ. ಕಾಂಕ್ರೀಟು, ಹಲಗೆ ಮುಂತಾದ ಸಾಧಾರಣ ಮೈಗಳ ನಡುವೆ ಅದಕ್ಕೆ ತಡೆಯೇ ಕಡಮೆ. ಆದುದರಿಂದ ಬರಿಯ ಪೊಳ್ಳಿನಿಂದ ದೊರೆಯುವ ಫಲ ಅಲ್ಪವೇ ಸರಿ. ಅದೇ ಪೊಳ್ಳಿನ ಮೇಲ್ಗಡೆ ಹೊಳೆಯುವ ಅಲ್ಯುಮಿನಿಯಮ್ ಹಾಳೆಯನ್ನು ಕೆಳಮುಖವಾಗಿ ಅಂಟಿಸಿದರೆ ನಿರೋಧ ಹಲವು ಪಟ್ಟು ಏರುತ್ತದೆ. ಮೇಲ್ಮುಖವಾಗಿ ಹಾಸಿದರೆ ಧೂಳು ಕವಿದು ಅದರ ಗುಣ ಕುಗ್ಗುವುದು. ರಾತ್ರಿ ಚಾವಣಿ ಆರಿದಾಗ ಹರಿವು ತಿರುಗಿ, ಸುಳಿಗಳೆದ್ದು, ಒಳಗಿನ ಶಾಖ ಹೊರಬೀಳಲು ಕೊಂಚ ನೆರವಾಗುತ್ತವೆ.

ಮಣ್ಣಿನ ಮಾಳಿಗೆಯನ್ನು ಬಿಟ್ಟ ಮನೆಗೆ ಗಾಳಿಯ ಪದರವೊಂದೇ ಅದರ ಬದಲಾಗಲಾರದು. ಬಡವನ ತಗಡಿನ ಮನೆಗೆ ಹೇಳುವ ಸಲಹೆಯಲ್ಲಿ ಇದನ್ನು ಮರೆಯಬಾರದು. ಪೊಳ್ಳು ಎಷ್ಟು ಅಗಲವಾಗಿದೆಯೆಂಬುದಕ್ಕಿಂತ, ಅದರ ಎರಡು ಮೈಗಳು ಎಂತಹವೆಂಬುದನ್ನೇ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳುವಂತಾಗಲಿ.