ಚೂರು ಬೆಲ್ಲದಿಂದ ಕೆಜಿ ಬಾಕ್ಸ್‌ವರೆಗೆ: ಮೈಸೂರು ರಸ್ತೆಯ ಸಿಹಿ ಚರಿತ್ರೆ



ಇವತ್ತಿನ ಪ್ರಶ್ನೆ ಸಿಂಪಲ್. ಊಟ ಆದ ತಕ್ಷಣ "ಏನಾದ್ರೂ ಸ್ವೀಟ್ ಇದ್ಯಾ?" ಅನ್ಸುತ್ತಲ್ಲ, ಆ ಆಸೆ ನಮ್ಮ ಹಿಂದಿನವರಿಗೆ ಇರ್ಲಿಲ್ವಾ? ಖಂಡಿತ ಇತ್ತು. ಆದ್ರೆ ಒಂದು ಚೂರು ಬೆಲ್ಲದಲ್ಲಿ ಅದು ಮುಗೀತಿತ್ತು. ನಮಗೆ ಯಾಕೆ ಅಷ್ಟರಲ್ಲಿ ಮುಗಿಯಲ್ಲ?

ರೀಲ್ಸ್‌ನಲ್ಲಿ ಇದಕ್ಕೆ ರೆಡಿ ಉತ್ತರ ಇದೆ: "ಅಜ್ಜಿ ಕಾಲದವರಿಗೆ ಸಂಯಮ ಇತ್ತು, ನಮಗಿಲ್ಲ." ಕೇಳೋಕೆ ಚೆನ್ನಾಗಿದೆ. ಆದ್ರೆ ನಾನು ಬಿ.ಕಾಂ ಓದಿದವನು, ಯಾರಾದ್ರೂ ಸಂಯಮ ಅಂದ್ರೆ ಮೊದಲು ರೇಟ್ ಎಷ್ಟಿತ್ತು ಅಂತ ಕೇಳ್ತೀನಿ. ಈ ಕಥೆಯ ಬಹುಪಾಲು ನಮ್ಮ ಮನೆ ಹತ್ತಿರದ ಮೈಸೂರು ರಸ್ತೆಯಲ್ಲೇ ಸಿಗುತ್ತೆ.

ಮೊದಲು ಬೆಲ್ಲ. ಆಲೆಮನೆಯಲ್ಲಿ ಕಬ್ಬನ್ನು ಗಾಣಕ್ಕೆ ಕೊಟ್ಟು, ಹಾಲು ತೆಗೆದು, ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಸುಮಾರು 10 ಕೆಜಿ ಕಬ್ಬು ಅರೆದ್ರೆ ಸಿಗೋದು ಒಂದು ಕೆಜಿ ಬೆಲ್ಲ. ಕಬ್ಬಿಗೆ ನೀರು ಬೇಕು, ಒಲೆಗೆ ಉರುವಲು ಬೇಕು, ಗಾಣಕ್ಕೆ ಎತ್ತು ಬೇಕು. ಇಷ್ಟೆಲ್ಲ ಆದ್ಮೇಲೆ ಬಂದ ಬೆಲ್ಲವನ್ನು ಯಾರೂ ಮುಷ್ಟಿಗಟ್ಟಲೆ ತಿನ್ನಲ್ಲ. ಬಿಸಿಲಲ್ಲಿ ಬಂದ ನೆಂಟರಿಗೆ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಅಷ್ಟು ಕೊಟ್ರೆ ಮರ್ಯಾದೆ ಮಾಡಿದ ಹಾಗೆ.

ಬಿಳಿ ಸಕ್ಕರೆ ಇನ್ನೂ ದೂರದ ಮಾತು. 16ನೇ ಶತಮಾನದ ಪುರಂದರದಾಸರು ಒಂದು ಕೀರ್ತನೆಯಲ್ಲಿ ದೇವರ ಹೆಸರನ್ನೇ ಕಲ್ಲುಸಕ್ಕರೆ ಮಾಡಿ ಮಾರ್ತಾರೆ. ಈ ಸರಕನ್ನು ಎತ್ತಿನ ಮೇಲೆ ಹೇರಬೇಕಿಲ್ಲ, ಬಾಡಿಗೆ ಇಲ್ಲ, ಸುಂಕ ಇಲ್ಲ ಅನ್ನೋ ಅರ್ಥ ಬರುತ್ತೆ ಅಲ್ಲಿ. ಅಂದ್ರೆ ನಿಜವಾದ ಕಲ್ಲುಸಕ್ಕರೆಗೆ ಇವೆಲ್ಲ ಇತ್ತು! ಸಾಗಾಣಿಕೆ ಖರ್ಚು, ಟ್ಯಾಕ್ಸ್ ಎರಡೂ ಬೀಳೋ ಮಾಲು ಅದು. ದಾಸರ ಭಕ್ತಿಯ ಜೊತೆಗೆ ಆ ಕಾಲದ ಮಾರ್ಕೆಟ್ ರಿಪೋರ್ಟೂ ಸಿಕ್ತು ನೋಡಿ.

ಈಗ ಕೆಂಗೇರಿ ದಾಟಿ ಮುಂದೆ ಹೋಗೋಣ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಅನ್ನೋ ಬ್ರಿಟಿಷ್ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಎಲ್ಲಿ ಏನು ಬೆಳೀತಾರೆ, ಏನು ಮಾಡ್ತಾರೆ ಅಂತ ಬರೆದಿಟ್ಟ. ಚನ್ನಪಟ್ಟಣದಲ್ಲಿ ಒಳ್ಳೆಯ ಬಿಳಿ ಸಕ್ಕರೆ ಆಗ್ತಿತ್ತು ಅನ್ನೋದೂ ಅವನ ಬರಹದಲ್ಲಿದೆ. ಒಂದು ಊರಿನಲ್ಲಿ ಬಿಳಿ ಸಕ್ಕರೆ ಆಗುತ್ತೆ ಅನ್ನೋದೇ ಆಗ ಬರೆದಿಡೋ ಅಂಥ ಸುದ್ದಿ.

1847ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯ್ತು. ರೈತರಿಂದ ಬೆಲ್ಲ ಕೊಂಡು ಅದನ್ನೇ ಶುದ್ಧ ಮಾಡಿ ಸಕ್ಕರೆ ತೆಗೆಯೋ ಕಾರ್ಖಾನೆ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಇಲ್ಲಿನ ಸಕ್ಕರೆಗೆ ಪದಕವೂ ಬಂತು. ಆದ್ರೆ ನಮ್ಮ ಅಡುಗೆಮನೆಯನ್ನು ಬದಲಾಯಿಸಿದ್ದು ಮಂಡ್ಯ.

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರು. 1930ರ ದಶಕದ ಆರಂಭಕ್ಕೆ ಕಟ್ಟೆ ನಿಂತು ನಾಲೆಯಲ್ಲಿ ನೀರು ಹರೀತು. ಮಳೆ ನಂಬಿಕೊಂಡು ರಾಗಿ ಬೆಳೀತಿದ್ದ ನೆಲದಲ್ಲಿ ಕಬ್ಬು ಎದ್ದು ನಿಲ್ತು. ಆ ಕಬ್ಬಿಗೆ ಗಿರಾಕಿ ಬೇಕಲ್ಲ? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಅದೇ ಮೈಶುಗರ್. ಇದರ ಹಿಂದೆ ಓಡಾಡಿದವರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಮಂಡ್ಯಕ್ಕೆ "ಸಕ್ಕರೆ ನಾಡು" ಅನ್ನೋ ಹೆಸರು ಬಂದಿದ್ದು ಹೀಗೆ.

ಹಾಗಂತ ಸಕ್ಕರೆ ಮಾರನೇ ದಿನವೇ ಸಲೀಸಾಗಿ ಸಿಗ್ಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ರೇಷನ್ ಬಂತು. ಸ್ವಾತಂತ್ರ್ಯ ಬಂದ್ಮೇಲೂ ದಶಕಗಟ್ಟಲೆ ಸೊಸೈಟಿ ಅಂಗಡಿ ಮುಂದೆ ಕಾರ್ಡ್ ಹಿಡಿದು ನಿಲ್ಲೋದು ತಪ್ಪಲಿಲ್ಲ. ಕಾರ್ಖಾನೆಗಳು ಉತ್ಪಾದನೆಯಲ್ಲಿ ಒಂದು ಪಾಲನ್ನು ಸರ್ಕಾರ ಹೇಳಿದ ರೇಟಿಗೆ "ಲೆವಿ" ಅಂತ ಕೊಡಬೇಕಿತ್ತು. ಆ ಲೆವಿ ಪದ್ಧತಿ ಹೋಗಿದ್ದು 2013ರಲ್ಲಿ. ರಾಜಾಜಿನಗರ, ವಿಜಯನಗರದಲ್ಲಿ ಮನೆ ಮಾಡಿದ ಮೊದಲ ತಲೆಮಾರಿಗೆ ಸಕ್ಕರೆ ಡಬ್ಬಿ ಅಂದ್ರೆ ತಿಂಗಳ ಲೆಕ್ಕ. ಖಾಲಿಯಾದ್ರೆ ಕಾಫಿಗೆ ಬೆಲ್ಲ.

ಅಂದ್ರೆ ಸಿಹಿ ಚಿಕ್ಕದಾಗಿದ್ದಕ್ಕೆ ಮೂರು ಕಾರಣ. ಒಂದು, ರೇಟು. ಎರಡು, ಕೆಲಸ. ಒಬ್ಬಟ್ಟು ಬೇಕಂದ್ರೆ ಬೇಳೆ ಬೇಯಿಸಿ, ಹೂರಣ ರುಬ್ಬಿ, ಒಂದೊಂದಾಗಿ ತಟ್ಟಬೇಕು. ಆ ದುಡಿಮೆ ಪೂರ್ತಿ ಹೆಂಗಸರ ಮೇಲೆ ಬೀಳ್ತಿತ್ತು, ಅದನ್ನು ಮರೆತು "ಆ ಕಾಲವೇ ಚೆನ್ನಾಗಿತ್ತು" ಅನ್ನೋದು ಬೇಡ. ಮೂರನೇದು, ಹಂಚಿಕೆ.

ಹಂಚಿಕೆಗೆ ಬೆಸ್ಟ್ ಉದಾಹರಣೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಬೆಲ್ಲ, ಕೊಬ್ಬರಿಯನ್ನು ಸಣ್ಣ ಸಣ್ಣಗೆ ಹೆಚ್ಚಿ ಬಿಸಿಲಿಗೆ ಇಡ್ತಾರೆ. ಜೊತೆಗೆ ಮರದ ಅಚ್ಚಿನಲ್ಲಿ ಪಾಕ ಹುಯ್ದು ಮಾಡಿದ ಸಕ್ಕರೆ ಅಚ್ಚು: ಗಿಳಿ, ತುಳಸಿ ಕಟ್ಟೆ, ಮಂಟಪ. ಇದನ್ನು ಒಬ್ಬರೇ ಕೂತು ಖಾಲಿ ಮಾಡಲ್ಲ, ಬೀದಿಯೆಲ್ಲ ಬೀರ್ತಾರೆ. ನಿಮ್ಮ ಪಾಲಿಗೆ ಬರೋದು ಒಂದು ಹಿಡಿ. ಅದನ್ನೂ ಬಾಯಿಗೆ ಹಾಕ್ಕೊಂಡು ನುಂಗೋಕಾಗಲ್ಲ, ಎಳ್ಳು, ಕೊಬ್ಬರಿ ಎಲ್ಲ ಅಗೀಬೇಕು. ಚಿಕ್ಕದು, ನಿಧಾನದ್ದು, ಇನ್ನೊಬ್ಬರ ಜೊತೆ ತಿನ್ನೋದು. ಪೂಜೆಯ ಸಪಾದ ಭಕ್ಷ್ಯವೂ ಅಷ್ಟೇ. ರವೆ, ಸಕ್ಕರೆ, ತುಪ್ಪ ಧಾರಾಳ ಬೀಳುತ್ತೆ, ಆದ್ರೆ ಕೈಗೆ ಬರೋದು ಒಂದು ಚಮಚ.

ಈಗ ರೇಟು ಅಡ್ಡ ಬರಲ್ಲ. ಕೆಲಸವೂ ಇಲ್ಲ, ಫೋನಲ್ಲಿ ಆರ್ಡರ್ ಮಾಡಿದ್ರೆ ಕೆಜಿ ಬಾಕ್ಸ್ ಬಾಗಿಲಿಗೆ ಬರುತ್ತೆ. ಮೊದಲಿದ್ದ ಎರಡು ಬ್ರೇಕ್ ಫೇಲ್ ಆಗಿವೆ. ಇದರ ಬಿಲ್ಲು ಮನೆಮನೆಯಲ್ಲೂ ಬರ್ತಿದೆ. ಐಸಿಎಂಆರ್ ಬೆಂಬಲದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯ್ತು. ಅದರ ಅಂದಾಜಿನ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಅದಕ್ಕೆ ಸಿಹಿ ತಿಂಡಿ ಒಂದೇ ಕಾರಣ ಅಲ್ಲ, ಮನೆತನ, ತೂಕ, ಕೂತೇ ಮಾಡೋ ಕೆಲಸ ಎಲ್ಲ ಸೇರುತ್ತೆ. ಆದ್ರೂ ಕನ್ನಡದಲ್ಲಿ ಅದಕ್ಕೆ ನಾವಿಟ್ಟ ಹೆಸರೇ "ಸಕ್ಕರೆ ಕಾಯಿಲೆ".

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ, ಹೊರಗಿನಿಂದ ಸೇರೋ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರೆ ಒಳ್ಳೆಯದು, ಅಂದ್ರೆ ಆರು ಟೀ ಚಮಚ. 300 ಎಂಎಲ್ ಕೋಲಾ ಕುಡಿದ್ರೆ ಅಷ್ಟೂ ಒಂದೇ ಸಲಕ್ಕೆ ದಾಟುತ್ತೆ. "ನಾನು ಬೆಲ್ಲ ತಿಂತೀನಿ, ಪರವಾಗಿಲ್ಲ" ಅನ್ನೋರಿಗೂ ಒಂದು ಮಾತು: ಬೆಲ್ಲದಲ್ಲೂ ಹೆಚ್ಚು ಪಾಲು ಇರೋದು ಸಕ್ಕರೆಯೇ. ನಿಮಗೆ ಶುಗರ್ ಇದ್ರೆ ಡಾಕ್ಟರನ್ನು ಕೇಳಿ, ಪಾಡ್‌ಕಾಸ್ಟನ್ನಲ್ಲ.

ಹಾಗಾದ್ರೆ ಸಿಹಿ ಬಿಡಬೇಕಾ? ಚರಿತ್ರೆ ಹಾಗೆ ಹೇಳಲ್ಲ. ಎಷ್ಟೇ ಕಷ್ಟದಲ್ಲೂ ನಮ್ಮವರು ಸಿಹಿ ಬಿಟ್ಟಿಲ್ಲ, ಯುಗಾದಿಯ ಬೇವಿಗೂ ಬೆಲ್ಲ ಸೇರಿಸಿದ್ರು. ಎಕನಾಮಿಕ್ಸ್ ಕ್ಲಾಸಲ್ಲಿ ಡಿಮಿನಿಷಿಂಗ್ ಮಾರ್ಜಿನಲ್ ಯುಟಿಲಿಟಿ ಅಂತ ಓದಿದ್ವಲ್ಲ: ಮೊದಲ ತುಂಡು ಕೊಡೋ ಖುಷಿ ನಾಲ್ಕನೇ ತುಂಡು ಕೊಡಲ್ಲ. ಆ ಮೊದಲ ತುಂಡನ್ನು ಪೂರ್ತಿ ಅನುಭವಿಸಿ, ಉಳಿದಿದ್ದನ್ನು ದಾಟಿಸಿಬಿಡಿ.

ರೇಟು ವಾಪಸ್ ಏರಲಿ ಅಂತ ಯಾರೂ ಬಯಸಲ್ಲ. ಅಜ್ಜಿಯಂದಿರು ಮತ್ತೆ ಒಲೆ ಮುಂದೆ ಬೇಯಲಿ ಅಂತಲೂ ಬಯಸಬಾರದು. ಆದ್ರೆ ಮೂರನೇ ಬ್ರೇಕ್, ಹಂಚಿಕೆ, ಇನ್ನೂ ನಮ್ಮ ಕೈಯಲ್ಲೇ ಇದೆ. ಮುಂದಿನ ಸಲ ಮೈಸೂರು ಪಾಕ್ ಬಾಕ್ಸ್ ಮನೆಗೆ ಬಂದಾಗ ಫ್ರಿಡ್ಜಿಗೆ ಹೋಗೋ ಮೊದಲು ಪಕ್ಕದ ಮನೆ ಬೆಲ್ ಒತ್ತಿ.